ಹತ್ತು ದಿನದ ರಜೆಗೆ ಆರು ಊರಿನ ಪಟ್ಟಿ

ಪ್ರಶ್ನೆ: ನಾನು ಉಡುಪಿಯವಳು, ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದೇನೆ. ಬರುವ ಮೇ ತಿಂಗಳಲ್ಲಿ ಅಪ್ಪ (72, ನಿವೃತ್ತ ಹೈಸ್ಕೂಲು ಮೇಷ್ಟ್ರು), ಅಮ್ಮ (66) ಮತ್ತು ಮಂಗಳೂರಿನಿಂದ ಅತ್ತೆ (69) ಮೂರು ತಿಂಗಳಿಗೆಂದು ನಮ್ಮಲ್ಲಿಗೆ ಬರುತ್ತಾರೆ. ಮೂವರಿಗೂ ಇದು ಮೊದಲ ವಿದೇಶ ಪ್ರಯಾಣ. ಅಮ್ಮನಿಗೆ ಗಂಟುನೋವು, ಅಪ್ಪನಿಗೆ ರಕ್ತದೊತ್ತಡ. ಅಪ್ಪ ಅಮ್ಮ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ, ಅತ್ತೆಗೆ ಮೀನಿಲ್ಲದೆ ಅನ್ನ ಇಳಿಯುವುದಿಲ್ಲ. ನನಗೂ ಪತಿಗೂ ಸಿಗುವುದು ಹತ್ತು ದಿನದ ರಜೆ. ಅಷ್ಟರಲ್ಲಿ ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್, ವೆನಿಸ್, ಆಮ್‌ಸ್ಟರ್‌ಡಾಮ್, ಪ್ರಾಗ್ ತೋರಿಸಬೇಕೆಂದಿದ್ದೇವೆ. ಪ್ಯಾಕೇಜ್ ಟೂರ್‌ಗೆ ಸೇರಿಸುವುದು ಒಳ್ಳೆಯದೋ, ನಾವೇ ಕರೆದೊಯ್ಯುವುದೋ? ವೀಸಾದಿಂದ ಹಿಡಿದು ಎಲ್ಲವನ್ನೂ ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಆರು ಹೆಸರುಗಳಿವೆ. ಆದರೆ ಅಪ್ಪ, ಅಮ್ಮ, ಅತ್ತೆ ತಾವಾಗಿ ಏನು ನೋಡಬೇಕೆಂದು ಕೇಳಿದ್ದಾರೆ ಎಂಬ ಒಂದು ಸಾಲೂ ಇಲ್ಲ. ಮಂಗಳೂರಿನಲ್ಲಿ ಕುಳಿತು ಇಪ್ಪತ್ತು ವರ್ಷಕ್ಕೂ ಮೇಲೆ ಟಿಕೆಟ್, ವೀಸಾದ ಕೆಲಸ ಮಾಡಿಕೊಂಡು ಬಂದ ನನಗೆ ಇಂಥ ಪಟ್ಟಿಯನ್ನು ನೋಡಿದ ಕೂಡಲೇ ತಿಳಿಯುತ್ತದೆ, ಇದು ಮಕ್ಕಳು ಬರೆದದ್ದು ಎಂದು. ನಾನೂ ಬರೆದಿದ್ದೆ. ಅಮ್ಮನನ್ನೂ ಚಿಕ್ಕಮ್ಮನನ್ನೂ ಒಂಬತ್ತು ದಿನದಲ್ಲಿ ಐದು ಊರು ಸುತ್ತಿಸಿದೆ. ರೋಮಿನ ಕೊಲೋಸಿಯಮ್ ಎದುರು ನಿಂತು ಅಮ್ಮ ಕೇಳಿದರು, "ಇದನ್ನು ನಿನ್ನೆಯೇ ನೋಡಿದೆವಲ್ಲ?" ಊರಿಗೆ ಮರಳಿದ ಮೇಲೆ ನೆಂಟರ ಮುಂದೆ ಅವರ ಬಾಯಲ್ಲಿ ಬಂದದ್ದು ಎರಡೇ: ಸ್ವಿಸ್ ಹಳ್ಳಿಯೊಂದರಲ್ಲಿ ಹಸುಗಳ ಕೊರಳಿಗೆ ಕಟ್ಟಿದ್ದ ದೊಡ್ಡ ದೊಡ್ಡ ಗಂಟೆಗಳು, ಮತ್ತು ಲಿಫ್ಟ್ ಇಲ್ಲದ ಒಂದು ಹೋಟೆಲಿನ ನಾಲ್ಕನೆಯ ಮಹಡಿ. ಆ ಹೋಟೆಲನ್ನು ಕಾದಿರಿಸಿದವನು ನಾನೇ. ಪ್ರವಾಸದ ವೃತ್ತಿಯವನ ಮಾನ ಹೋಗಲು ಇನ್ನೇನು ಬೇಕು.

ಆದ್ದರಿಂದ ಮೊದಲು ಕತ್ತರಿ ತೆಗೆದುಕೊಳ್ಳಿ. ಆಮ್‌ಸ್ಟರ್‌ಡಾಮಿಗೆ ನಮ್ಮವರು ಹೋಗಬಯಸುವುದು ಟ್ಯೂಲಿಪ್ ಹೂವಿಗಾಗಿ. ಕ್ಯೂಕೆನ್‌ಹಾಫ್ ತೋಟ ತೆರೆದಿರುವುದು ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಮಾತ್ರ. ನಿಮ್ಮವರು ಬಂದು ದಣಿವಾರಿಸಿಕೊಳ್ಳುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ. ವೆನಿಸಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಬಹುಪಾಲು ಎಲ್ಲಕ್ಕೂ ಮೆಟ್ಟಿಲು. ಗಂಟುನೋವಿನವರಿಗೆ ಅದು ಊರಲ್ಲ, ಶಿಕ್ಷೆ. ಜೂನ್, ಜುಲೈಯ ರೋಮಿನ ಬಿಸಿಲು ನಮ್ಮ ಏಪ್ರಿಲಿನ ಬಿಸಿಲಿಗೆ ಏನೂ ಕಡಿಮೆಯಲ್ಲ. ಇಟಲಿಯ ಚಿತ್ರಕಲೆ ನೋಡಲೇಬೇಕೆಂದಿದ್ದರೆ ಅತ್ತೆಯವರು ಹೊರಡುವ ಮೊದಲು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲಿನಲ್ಲಿ ಅರ್ಧ ಗಂಟೆ ಕುಳಿತು ಬರಲಿ. ಗೋಡೆ, ಛಾವಣಿ ತುಂಬ ಅಲ್ಲಿ ಚಿತ್ರ ಬರೆದವರು ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ. ತಮಾಷೆಗೆ ಹೇಳಿದ್ದಲ್ಲ, ಮಂಗಳೂರಿನಲ್ಲಿ ಹುಟ್ಟಿ ಬೆಳೆದು ಅದರೊಳಗೆ ಕಾಲಿಡದವರು ಎಷ್ಟೋ ಮಂದಿ ಇದ್ದಾರೆ. ಪ್ರಾಗ್ ಚೆಲುವಾದ ಊರು, ಆದರೆ ಏರುತಗ್ಗು, ಬೀದಿಯ ತುಂಬ ಕಲ್ಲುಹಾಸು. ಬಿಡಿ.

ಉಳಿದದ್ದು ಸ್ವಿಟ್ಜರ್ಲೆಂಡ್ ಮತ್ತು ಪ್ಯಾರಿಸ್. ಹತ್ತು ದಿನವನ್ನು ಒಟ್ಟಿಗೆ ಖರ್ಚು ಮಾಡಬೇಡಿ. ಐದೈದರಂತೆ ಎರಡು ತುಂಡು ಮಾಡಿ, ನಡುವೆ ಎರಡು ಮೂರು ವಾರ ಅವರು ನಿಮ್ಮ ಮನೆಯಲ್ಲಿ ಇರಲಿ. ಬಟ್ಟೆ ಒಗೆದು, ಸ್ವಂತ ಹಾಸಿಗೆಯಲ್ಲಿ ಮಲಗಿ, ತಿಳಿಸಾರು ಅನ್ನ ಉಂಡು ಎದ್ದವರಿಗೆ ಮುಂದಿನ ಪ್ರಯಾಣದ ಹುಮ್ಮಸ್ಸು ತಾನಾಗಿ ಬರುತ್ತದೆ.

ಪ್ಯಾಕೇಜ್ ಟೂರ್ ಬಗ್ಗೆ ಕೇಳಿದ್ದೀರಿ. ನಾನೇ ಅವನ್ನು ಮಾರಿದವನು, ಹಾಗಾಗಿ ತೆಗಳುವುದಿಲ್ಲ. ಸಾಮಾನು ಹೊರುವ ಚಿಂತೆಯಿಲ್ಲ, ರಾತ್ರಿ ಅನ್ನ ಸಾರು ಸಿಗುತ್ತದೆ, ಮಾತಿಗೆ ಊರಿನ ಜನ. ಮಕ್ಕಳು ಯುರೋಪಿನಲ್ಲಿ ಇಲ್ಲದವರಿಗೆ ನಾನು ಇಂದಿಗೂ ಅದನ್ನೇ ಹೇಳುತ್ತೇನೆ. ಆದರೆ ಬೆಳಗ್ಗೆ ಆರಕ್ಕೆ ಎದ್ದು ಏಳೂವರೆಗೆ ಬಸ್ಸಿನಲ್ಲಿರಬೇಕು. ಅಲ್ಲಿಯ ಕಾನೂನಿನಂತೆ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಮುಕ್ಕಾಲು ಗಂಟೆ ನಿಲ್ಲಿಸಬೇಕು. ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಒಳ್ಳೆಯ ಕಾನೂನೇ. ಆದರೆ ಆ ಒಂಬತ್ತು ಗಂಟೆಯನ್ನು ಪೂರ್ತಿ ಬಳಸಿಕೊಳ್ಳುವ ಟೂರ್‌ಗಳಿವೆ, ಅಂದರೆ ಅಷ್ಟು ಹೊತ್ತು ಕಾಲು ಮಡಚಿ ಕೂರುವುದು. ಮಗಳು ಮ್ಯೂನಿಕ್‌ನಲ್ಲೇ ಇರುವಾಗ ಅದರ ಗೊಡವೆ ಬೇಡ.

ಸ್ವಿಟ್ಜರ್ಲೆಂಡಿನಲ್ಲಿ ಒಂದೇ ಕಡೆ ನಾಲ್ಕು ರಾತ್ರಿ ಉಳಿಯಿರಿ, ಲೂಸರ್ನ್ ಆದರೆ ಒಳ್ಳೆಯದು. ಮ್ಯೂನಿಕ್‌ನಿಂದ ಜ್ಯೂರಿಕ್‌ಗೆ ನೇರ ರೈಲಿದೆ, ಅಲ್ಲಿಂದ ಲೂಸರ್ನ್ ಒಂದು ಗಂಟೆಯೊಳಗೆ. ಎಲ್ಲರೂ ಯುಂಗ್‌ಫ್ರೌಯೋಖ್ ಹೆಸರು ಹೇಳುತ್ತಾರೆ. ಅದು 3,454 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಸುಮಾರು ಮೂರನೇ ಎರಡು ಭಾಗ. ಜೀವಮಾನವಿಡೀ ಕಡಲ ಮಟ್ಟದಲ್ಲಿ ಉಸಿರಾಡಿದ, ರಕ್ತದೊತ್ತಡವಿರುವ 72ರ ಅಪ್ಪನನ್ನು ಕೆಲವೇ ಗಂಟೆಗಳಲ್ಲಿ ಅಲ್ಲಿಗೆ ಏರಿಸುವುದಾದರೆ ಮೊದಲು ಅವರ ವೈದ್ಯರನ್ನು ಕೇಳಿ. ನನ್ನನ್ನು ಕೇಳಿದರೆ ರಿಗಿ ಬೆಟ್ಟವೇ ಸಾಕು. ತುದಿ ಸುಮಾರು 1,800 ಮೀಟರ್, ನಮ್ಮ ಕುದುರೆಮುಖಕ್ಕಿಂತ ತುಸು ತಗ್ಗು. ಲೂಸರ್ನ್ ಸರೋವರದಲ್ಲಿ ದೋಣಿಯಲ್ಲಿ ಹೋಗಿ ಫಿಟ್ಸ್‌ನೌ ಎಂಬಲ್ಲಿ ಇಳಿದರೆ ಹಲ್ಲುಗಾಲಿಯ ರೈಲು ನಿಂತಿರುತ್ತದೆ. ಯುರೋಪಿನ ಮೊದಲ ಬೆಟ್ಟದ ರೈಲು ಅದು, 1871ರದ್ದು. ಅಮ್ಮ ಒಂದು ಮೆಟ್ಟಿಲನ್ನೂ ಲೆಕ್ಕ ಹಾಕದೆ ಹಿಮಶಿಖರಗಳ ಸಾಲನ್ನು ಎದುರಿಗೇ ಕಾಣಬಹುದು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ದೋಣಿ, ರೈಲು ಎರಡೂ ಅದರಲ್ಲೇ ಸೇರುತ್ತವೆ. ಮುಟ್ಟಲು ಹಿಮ ಬೇಕೇ ಬೇಕು ಎಂದು ಅತ್ತೆ ಹಟ ಹಿಡಿದರೆ ಟಿಟ್ಲಿಸ್ ಎಂಬ ಹಿಮಬೆಟ್ಟಕ್ಕೆ ನೀವೂ ಅವರೂ ಹೋಗಿಬನ್ನಿ, ಅಪ್ಪ ಸರೋವರದ ದಡದಲ್ಲಿ ಬೆಂಚಿನ ಮೇಲೆ ಕುಳಿತಿರಲಿ. ಎಲ್ಲರೂ ಎಲ್ಲ ಕಡೆಗೂ ಹೋಗಬೇಕೆಂಬ ನಿಯಮವನ್ನು ಯಾರೂ ಮಾಡಿಲ್ಲ.

ಒಂದು ದಿನವನ್ನು ಬಾಸೆಲ್‌ಗೆ ಕೊಡಿ ಎಂದರೆ ನಿಮಗೆ ಅಚ್ಚರಿಯಾಗಬಹುದು, ಯಾವ ಪ್ಯಾಕೇಜಿನಲ್ಲೂ ಅದು ಇರುವುದಿಲ್ಲ. ಆದರೆ ಅಪ್ಪ ಮೇಷ್ಟ್ರಾಗಿದ್ದವರು. ಬಾಸೆಲ್ ಮಿಶನ್ ಎಂಬ ಹೆಸರು ಕೇಳದ ಮೇಷ್ಟ್ರು ಕರಾವಳಿಯಲ್ಲಿ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಮಿಶನರಿಗಳು ಅವರು. ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಅವರ ಪೈಕಿಯ ಹೆರ್ಮನ್ ಮ್ಯೋಗ್ಲಿಂಗ್ ಅವರಿಂದ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದು ಮಂಗಳೂರಿನ ಅವರದೇ ಮುದ್ರಣಾಲಯದಲ್ಲಿ. ನಿಮ್ಮ ಉಡುಪಿಯ ಮನೆ ಹಳೆಯದಾದರೆ ಮೇಲಿರುವ ಹಂಚಿನ ಕಥೆಯೂ 1865ರಲ್ಲಿ ಅವರು ತೆರೆದ ಕಾರ್ಖಾನೆಯಿಂದಲೇ ಶುರುವಾಗುತ್ತದೆ. ಆ ಮಿಶನ್ನಿನ ಮನೆ ಬಾಸೆಲ್‌ನಲ್ಲಿ ಇಂದಿಗೂ ಇದೆ, ನಮ್ಮ ಕಡೆಯ ಹಳೆಯ ಕಾಗದಪತ್ರ, ಫೋಟೊಗಳ ಸಂಗ್ರಹವೂ ಇದೆ. ಒಳಗೆ ನೋಡಬೇಕಾದರೆ ಮುಂಚಿತವಾಗಿ ಬರೆದು ಕೇಳಿ. ಬಳಿಕ ರೈನ್ ನದಿಯ ದಡಕ್ಕೆ ಬನ್ನಿ. ಅಲ್ಲಿಯ ದಾಟುದೋಣಿಗಳಿಗೆ ಯಂತ್ರವಿಲ್ಲ, ಹುಟ್ಟೂ ಇಲ್ಲ. ಅಡ್ಡಲಾಗಿ ಕಟ್ಟಿದ ತಂತಿಗೆ ದೋಣಿಯನ್ನು ಬಿಗಿದಿರುತ್ತಾರೆ, ಹೊಳೆಯ ಸೆಳೆತವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿದ ಅತ್ತೆಯವರು ಅದನ್ನು ನೋಡಿ ಏನು ಹೇಳುತ್ತಾರೋ, ನನಗೆ ಕುತೂಹಲ.

ಪ್ಯಾರಿಸಿಗೆ ಮ್ಯೂನಿಕ್‌ನಿಂದ ರೈಲಿನಲ್ಲಿ ಸುಮಾರು ಆರು ಗಂಟೆ. ಅಲ್ಲಿ ಒಂದೇ ಎಚ್ಚರಿಕೆ: ಮೆಟ್ರೊ. 1900ರಲ್ಲಿ ಆರಂಭವಾದ ಹಳೆಯ ಜಾಲ. ಹೊಸದಾದ 14ನೇ ಮಾರ್ಗವನ್ನು ಬಿಟ್ಟರೆ ಲಿಫ್ಟ್ ಇಲ್ಲದ ನಿಲ್ದಾಣಗಳೇ ಹೆಚ್ಚು. ಒಂದು ಮಾರ್ಗದಿಂದ ಇನ್ನೊಂದಕ್ಕೆ ಬದಲಾಯಿಸುವುದೆಂದರೆ ಸುರಂಗದಲ್ಲಿ ಹತ್ತಿಳಿದು ನಡೆಯುವುದು. ಸಿಟಿ ಬಸ್ಸಿನಲ್ಲಿ ಹೋಗಿ. ನಿಧಾನ, ಆದರೆ ಕಿಟಕಿಯ ಹೊರಗೆ ಕಾಣುವುದೇ ಪ್ಯಾರಿಸ್. ಐಫೆಲ್ ಗೋಪುರಕ್ಕೆ ಲಿಫ್ಟಿನ ಟಿಕೆಟನ್ನು ಮುಂಚೆಯೇ ಕಾದಿರಿಸಿ, ಸೇನ್ ನದಿಯಲ್ಲಿ ಸಂಜೆಯ ದೋಣಿ ಹತ್ತಿ. ಬೆಂಕಿಗೆ ಸಿಕ್ಕಿದ್ದ ನೋತ್ರ್ ದಾಮ್ 2024ರ ಡಿಸೆಂಬರಿನಲ್ಲಿ ಮತ್ತೆ ತೆರೆದಿದೆ, ಒಳಗೆ ಹೋಗಲು ಹಣ ಕೊಡಬೇಕಿಲ್ಲ. ಲೂವ್ರ್ ಸಂಗ್ರಹಾಲಯ ಅಪ್ಪನಿಗೆ ಬೇಕೆನಿಸಿದರೆ ಮಾತ್ರ, ಮಂಗಳವಾರ ರಜೆ. ಒಳಗೆ ಕಿಲೋಮೀಟರುಗಟ್ಟಲೆ ನಡಿಗೆ, ಕೊನೆಗೆ ಮೋನಾ ಲೀಸಾಳ ಬದಲು ಜನರ ತಲೆಗಳ ದರ್ಶನ. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಸಂಧ್ಯಾವಂದನೆ ಮುಗಿಸಿ ಊಟಕ್ಕೆ ಏಳುವ ಅಭ್ಯಾಸ ಅಪ್ಪನದಾಗಿದ್ದರೆ ಆ ವಿಷಯವನ್ನು ಮೊದಲೇ ಚರ್ಚಿಸಿಕೊಳ್ಳಿ.

ಮರಳಿ ಬರುವಾಗ ಸ್ಟುಟ್‌ಗಾರ್ಟಿನಲ್ಲಿ ಒಂದು ರಾತ್ರಿ ಇಳಿಯಿರಿ. ಅಲ್ಲಿಂದ ಒಂದು ಗಂಟೆಯ ರೈಲು ಟ್ಯೂಬಿಂಗನ್‌ಗೆ. ಕಿಟ್ಟೆಲ್ 1903ರಲ್ಲಿ ಕೊನೆಯುಸಿರೆಳೆದ ಊರು ಅದು. ನದಿ, ಹಳೆಯ ಮನೆಗಳ ಸಾಲು, ವಿಶ್ವವಿದ್ಯಾಲಯ, ಗದ್ದಲ ಇಲ್ಲ.

ವಾರಾಂತ್ಯಗಳಿಗೆ ನಿಮ್ಮ ಬವೇರಿಯಾವೇ ಧಾರಾಳ. ನೊಯ್‌ಶ್ವಾನ್‌ಸ್ಟೈನ್ ಅರಮನೆ ಎಲ್ಲರೂ ತೋರಿಸುವ ಜಾಗ, ಆದರೆ ಕೆಳಗಿನ ಹಳ್ಳಿಯಿಂದ ಏರು ದಾರಿ, ಒಳಗೆ ಮತ್ತೆ ಮೆಟ್ಟಿಲು. ಅದಕ್ಕಿಂತ ಬೆರ್ಖ್‌ಟೆಸ್‌ಗಾಡನ್ ಬಳಿಯ ಕ್ಯೋನಿಗ್ಸ್‌ಸೇ ಸರೋವರಕ್ಕೆ ಕಾರಿನಲ್ಲಿ ಕರೆದೊಯ್ಯಿರಿ. 1909ರಿಂದಲೂ ಅಲ್ಲಿ ವಿದ್ಯುತ್ ದೋಣಿಗಳೇ ಓಡುತ್ತಿವೆ, ಸದ್ದಿಲ್ಲ, ಹೊಗೆಯಿಲ್ಲ. ಸರೋವರದ ನಡುವೆ ದೋಣಿ ನಿಲ್ಲಿಸಿ ನಾವಿಕ ಕಹಳೆ ಊದುತ್ತಾನೆ, ಎದುರಿನ ಬಂಡೆ ಅದನ್ನು ತಿರುಗಿ ಊದುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಯ ಹಾಡು, ಗಲಾಟೆ ನೆನಪಿದ್ದವರಿಗೆ ಆ ಮೌನವೇ ಒಂದು ನೋಟ.

ರೈಲಿನ ಟಿಕೆಟ್ ವಿಷಯದಲ್ಲಿ ನಿಮ್ಮಂಥವರು ಎಡವುವ ಒಂದು ಜಾಗವಿದೆ. ಹಲವು ದೇಶಗಳ ರೈಲಿಗೆ ಒಂದೇ ಟಿಕೆಟಾಗುವ ಯೂರೇಲ್ ಪಾಸ್ ಯುರೋಪಿನ ಹೊರಗೆ ನೆಲೆಸಿದವರಿಗೆ ಮಾತ್ರ. ನೀವು ಭಾರತದ ಪಾಸ್‌ಪೋರ್ಟ್ ಹಿಡಿದಿದ್ದರೂ ಜರ್ಮನಿಯ ನಿವಾಸಿ, ನಿಮಗೆ ಅನ್ವಯಿಸುವುದು ಇಂಟರ್‌ರೇಲ್. ಆದರೆ ನಾನು ಹೇಳಿದ ಎರಡು ಪ್ರಯಾಣಕ್ಕೆ ಯಾವ ಪಾಸೂ ಬೇಡ, ತಿಂಗಳುಗಳ ಮುಂಚೆ ತೆಗೆದ ರಿಯಾಯಿತಿ ಟಿಕೆಟ್ಟೇ ಅಗ್ಗ. ಬದಲಿಗೆ ಮೂವರಿಗೂ ಡಾಯ್ಚ್‌ಲಾಂಡ್ ಟಿಕೆಟ್ ಮಾಡಿಸಿಕೊಡಿ, 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ವೇಗದ ರೈಲು ಬಿಟ್ಟು ಜರ್ಮನಿಯ ಎಲ್ಲ ಸ್ಥಳೀಯ ರೈಲು, ಟ್ರಾಮ್, ಬಸ್ಸುಗಳಿಗೂ ನಡೆಯುತ್ತದೆ.

ಅದು ಏಕೆ ಮುಖ್ಯ ಎಂದರೆ, ತೊಂಬತ್ತು ದಿನದಲ್ಲಿ ಹತ್ತು ದಿನದ ಚಿಂತೆ ನಿಮಗೆ. ಉಳಿದ ಎಂಬತ್ತರ ಚಿಂತೆ ನನಗೆ. ನೀವಿಬ್ಬರೂ ಬೆಳಗ್ಗೆ ಕೆಲಸಕ್ಕೆ ಹೊರಟ ಮೇಲೆ ಮೂವರು ಹಿರಿಯರು ಕಿಟಕಿಯಿಂದ ನಿರ್ಜನ ಬೀದಿಯನ್ನು ನೋಡುತ್ತ ಕೂರುತ್ತಾರೆ. ಮೂರನೆಯ ವಾರಕ್ಕೆ "ನಮ್ಮನ್ನು ಊರಿಗೆ ಕಳುಹಿಸಿಬಿಡು" ಎಂಬ ಮಾತು ಬರುವುದು ಇದರಿಂದ, ಪ್ಯಾರಿಸ್ ತೋರಿಸದ್ದರಿಂದ ಅಲ್ಲ. ಮೊದಲ ವಾರದಲ್ಲೇ ಒಂದು ದಾರಿಯನ್ನು ರೂಢಿ ಮಾಡಿಸಿ: ಮನೆಯಿಂದ ಟ್ರಾಮ್, ಅಲ್ಲಿಂದ ಉದ್ಯಾನ, ಅಲ್ಲಿಂದ ಭಾರತೀಯ ಅಂಗಡಿ, ಮತ್ತೆ ಮನೆ. ಮೂರು ಸಲ ಜೊತೆಗೆ ಹೋಗಿ, ನಾಲ್ಕನೆಯ ಸಲ ಅವರನ್ನೇ ಕಳುಹಿಸಿ. ವಿಳಾಸ ಮತ್ತು ನಿಮ್ಮ ಫೋನ್ ಸಂಖ್ಯೆ ಬರೆದ ಚೀಟಿ ಮೂವರ ಜೇಬಿನಲ್ಲೂ ಇರಲಿ. ತುರ್ತಿಗೆ 112 ಎಂಬುದನ್ನು ಬಾಯಿಪಾಠ ಮಾಡಿಸಿ. ಮತ್ತು ದಯವಿಟ್ಟು ಬಾಗಿಲ ಪಾಠ ಹೇಳಿಕೊಡಿ. ಜರ್ಮನಿಯ ಬಹುಪಾಲು ಮನೆಗಳ ಬಾಗಿಲು ಎಳೆದುಕೊಂಡರೆ ಸಾಕು, ಹೊರಗಿನಿಂದ ಕೀಲಿಯಿಲ್ಲದೆ ತೆರೆಯುವುದಿಲ್ಲ. ಕಸ ಹಾಕಲು ಕೆಳಗಿಳಿದ ಅಮ್ಮಂದಿರು ನೈಟಿಯಲ್ಲೇ ಮೆಟ್ಟಿಲ ಮೇಲೆ ಎರಡು ಗಂಟೆ ಕುಳಿತ ಕಥೆಗಳು ನನ್ನ ಬಳಿ ಬೇಕಾದಷ್ಟಿವೆ. ಕೀಲಿ ಮಾಡುವವನನ್ನು ಕರೆಸಿದರೆ ಅವನ ಬಿಲ್ ನೋಡಿ ಅಪ್ಪನ ರಕ್ತದೊತ್ತಡ ಏರುವುದು ಖಂಡಿತ. ಭಾನುವಾರ ಮಿಕ್ಸಿಯಲ್ಲಿ ಅಕ್ಕಿ ಕಾಯಿ ರುಬ್ಬಿದರೆ ಕೆಳಮನೆಯವರು ಬಂದು ಬಾಗಿಲು ತಟ್ಟಬಹುದು. ಒಗ್ಗರಣೆಯ ಹೊಗೆಗೆ ಅಲಾರಂ ಕೂಗಬಹುದು.

ಊಟದ ವಿಷಯ. ಪ್ರಯಾಣದಲ್ಲಿ ಹೋಟೆಲಿನ ಬದಲು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ಲಿಫ್ಟ್ ಇದೆಯೇ ಎಂದು ಎರಡು ಸಲ ಕೇಳಿ. ಸಣ್ಣ ರೈಸ್ ಕುಕ್ಕರ್, ಕುಚಲಕ್ಕಿ, ಸಾರಿನ ಪುಡಿ, ಮೆಂತೆಹಿಟ್ಟು, ಹಪ್ಪಳ ಇದ್ದರೆ ಈರುಳ್ಳಿ ಬೆಳ್ಳುಳ್ಳಿಯ ಪ್ರಶ್ನೆ ಏಳುವುದೇ ಇಲ್ಲ. ಅತ್ತೆಗೆ ಬೇರೆ ಬಾಣಲೆ ಕೊಡಿ. ಬಂಗುಡೆಯ ಬಳಗದ ಮ್ಯಾಕ್ರೆಲ್ ಮೀನು ಅಲ್ಲಿ ಸಿಗುತ್ತದೆ. ಊರಿನಿಂದ ತರುವುದರಲ್ಲಿ ಯುರೋಪಿನ ಸುಂಕದವರ ಲೆಕ್ಕಾಚಾರ ಕರಾವಳಿಯವರಿಗೆ ಸ್ವಲ್ಪ ವಿಚಿತ್ರ. ಹಾಲಿನ ಪದಾರ್ಥ, ಮಾಂಸ ಎರಡಕ್ಕೂ ನಿಷೇಧ, ಅಂದರೆ ಮನೆಯ ತುಪ್ಪ, ಪೇಡ ತರುವಂತಿಲ್ಲ. ಮೀನಿಗೆ ಮಾತ್ರ ಒಬ್ಬರಿಗೆ 20 ಕಿಲೋವರೆಗೆ ಅವಕಾಶವಿದೆ, ಒಣಮೀನೂ ಸೇರಿ. ಅಮ್ಮನ ತುಪ್ಪ ಕಸದಬುಟ್ಟಿಗೆ, ಅತ್ತೆಯ ಒಣಸಿಗಡಿ ಮನೆಗೆ. ಬೀಗರ ನಡುವೆ ಇದನ್ನು ಮೊದಲೇ ತಿಳಿಸಿಬಿಡುವುದು ಕ್ಷೇಮ. ಮಾವಿನಹಣ್ಣು, ಮಟ್ಟುಗುಳ್ಳ, ಶಂಕರಪುರ ಮಲ್ಲಿಗೆಗೆಲ್ಲ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ತೆಂಗಿನಕಾಯಿ, ಬಾಳೆಹಣ್ಣು, ಅನಾನಸಿಗೆ ಬೇಡ. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ. ಒಂದು ಪ್ಲಾಸ್ಟಿಕ್ ಚೊಂಬು ಸೂಟ್‌ಕೇಸಿನ ಮೇಲ್ಭಾಗದಲ್ಲೇ ಇರಲಿ. ಏಕೆಂದು ಹಿರಿಯರಿಗೆ ವಿವರಿಸಬೇಕಿಲ್ಲ.

ವಿಮಾನ: ಮಂಗಳೂರಿನಿಂದ ಯುರೋಪಿಗೆ ನೇರ ಸೇವೆಯಿಲ್ಲ. ಅಗ್ಗವೆಂದು ಕೊಲ್ಲಿಯವರೆಗೆ ಒಂದು ಟಿಕೆಟ್, ಅಲ್ಲಿಂದ ಇನ್ನೊಂದು ಕಂಪನಿಯ ಬೇರೆ ಟಿಕೆಟ್ ಮಾಡಬೇಡಿ. ನಡುವೆ ಸಾಮಾನು ಬಿಡಿಸಿಕೊಂಡು ಮತ್ತೆ ಕೊಡಬೇಕಾಗಬಹುದು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು, ಮೊದಲ ವಿಮಾನ ತಡವಾದರೆ ಎರಡನೆಯವರು ಹೊಣೆಯಲ್ಲ. ಬೆಂಗಳೂರಿನಿಂದ ಜರ್ಮನಿಗೆ ನೇರ ವಿಮಾನವಿದೆ, ಅದೇ ಇರಲಿ. ಗಾಲಿಕುರ್ಚಿಯ ಸಹಾಯವನ್ನು 48 ಗಂಟೆ ಮುಂಚೆಯೇ ಮೂವರಿಗೂ ಕೇಳಿ, ಅದಕ್ಕೆ ಹಣವಿಲ್ಲ. ಅಪ್ಪ "ನನಗೇನಾಗಿದೆ" ಎನ್ನುತ್ತಾರೆ. ನಡೆಯಲು ಆಗದವರಿಗಷ್ಟೇ ಅಲ್ಲ, ದಾರಿ ತಿಳಿಯದವರಿಗೂ ಅದು ಆಸರೆ ಎಂದು ಹೇಳಿ ಒಪ್ಪಿಸಿ. ಔಷಧ ಮೂರು ತಿಂಗಳಿಗೂ ಎರಡು ವಾರ ಹೆಚ್ಚೇ ಇರಲಿ, ಕೈಚೀಲದಲ್ಲಿ ಇರಲಿ. ವೈದ್ಯರ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಬದಲು ಮೂಲ ಔಷಧದ ಹೆಸರು ಬರೆಸಿ. ನಮ್ಮ ಚೀಟಿಗೆ ಅಲ್ಲಿಯ ಅಂಗಡಿಯವರು ಮಾತ್ರೆ ಕೊಡುವುದಿಲ್ಲ, ಅಲ್ಲಿಯ ವೈದ್ಯರು ಮತ್ತೆ ಬರೆದುಕೊಡಬೇಕು. ಆಗ ಈ ಹೆಸರು ಉಪಯೋಗಕ್ಕೆ ಬರುತ್ತದೆ.

ವೀಸಾವನ್ನು ಕೊನೆಗಿಟ್ಟೆ, ಅದರಲ್ಲಿ ಯೋಚಿಸುವುದಕ್ಕೆ ಏನಿಲ್ಲ, ಪಾಲಿಸುವುದಷ್ಟೇ. ಹೆಚ್ಚು ದಿನ ಉಳಿಯುವುದು ಜರ್ಮನಿಯಲ್ಲಾದ್ದರಿಂದ ಅರ್ಜಿ ಜರ್ಮನಿಗೇ. ಅದೇ ಷೆಂಗೆನ್ ವೀಸಾ ಫ್ರಾನ್ಸಿಗೂ ಸ್ವಿಟ್ಜರ್ಲೆಂಡಿಗೂ ನಡೆಯುತ್ತದೆ. ಶುಲ್ಕ ತಲಾ 90 ಯೂರೊ, ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಮೊದಲೇ ಇರುವ ಕಾಯಿಲೆಗೆ ಅದು ಎಷ್ಟು ಕೊಡುತ್ತದೆ ಎಂಬ ಸಣ್ಣ ಅಕ್ಷರವನ್ನು ಅಪ್ಪನಿಗಾಗಿ ಓದಿ. ನೀವು ಅಲ್ಲಿಯ ವಿದೇಶಿಯರ ಕಚೇರಿಯಿಂದ ಖರ್ಚಿನ ಹೊಣೆಪತ್ರ ಮಾಡಿಸಿ ಕಳುಹಿಸಬಹುದು, ಹೆಸರು ಫೆರ್‌ಫ್ಲಿಷ್‌ಟುಂಗ್ಸ್‌ಎರ್‌ಕ್ಲೇರುಂಗ್. ಹೇಳಲು ಆಗದಿದ್ದರೆ ಬರೆದು ತೋರಿಸಿ. ಅತಿಥಿಗಳು ಹೆಚ್ಚಿದಷ್ಟೂ ಹೆಚ್ಚು ಆದಾಯ ತೋರಿಸಬೇಕಾಗುವುದರಿಂದ ಅಪ್ಪ ಅಮ್ಮನಿಗೆ ನೀವೂ, ಅತ್ತೆಗೆ ನಿಮ್ಮ ಪತಿಯೂ ಸಹಿ ಮಾಡುವುದು ಸುಲಭ. ಅಪ್ಪನ ಪಿಂಚಣಿ, ಬ್ಯಾಂಕಿನ ಲೆಕ್ಕ, ಮನೆಯ ದಾಖಲೆ ಜೊತೆಗಿರಲಿ. ಮರಳಿ ಬರುತ್ತಾರೆಂದು ನಂಬಿಸುವುದು ಅವೇ.

‘ಮೂರು ತಿಂಗಳು’ ಎಂದಿದ್ದೀರಿ. ನಿಯಮದಲ್ಲಿ ಇರುವುದು ಯಾವುದೇ 180 ದಿನಗಳಲ್ಲಿ 90 ದಿನ. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಸೇರುತ್ತವೆ. ಮೇ 12ಕ್ಕೆ ಇಳಿದರೆ ತೊಂಬತ್ತನೆಯ ದಿನ ಆಗಸ್ಟ್ 9, ಆಗಸ್ಟ್ 12 ಅಲ್ಲ. ವೀಸಾದ ಮೇಲೆ ಇನ್ನೂ ಕಡಿಮೆ ದಿನ ಬರೆದಿದ್ದರೆ ಅದೇ ಕೊನೆ. 2025ರ ಅಕ್ಟೋಬರಿನಿಂದ ಗಡಿಯಲ್ಲಿ ಬೆರಳಚ್ಚು, ಮುಖಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ವ್ಯವಸ್ಥೆ ಶುರುವಾಗಿದೆ, ಒಂದು ದಿನ ಹೆಚ್ಚಾದರೂ ಅದಕ್ಕೆ ಗೊತ್ತಾಗುತ್ತದೆ. ಹಾಗೆಯೇ ಊರು ಸುತ್ತುವಾಗ ಮೂವರ ಅಸಲಿ ಪಾಸ್‌ಪೋರ್ಟ್ ಜೊತೆಗಿರಲಿ. ಜರ್ಮನಿಯ ಗಡಿಗಳಲ್ಲಿ ರೈಲಿನೊಳಗೇ ಪೊಲೀಸರು ಬಂದು ಕೇಳುತ್ತಾರೆ.

ಆಗಸ್ಟಿನಲ್ಲಿ ಬೆಂಗಳೂರಿಗೆ ಇಳಿದವರು ಅದೇ ರಾತ್ರಿ ಬಸ್ ಹತ್ತುವ ಯೋಜನೆ ಹಾಕಬೇಡಿ. ಮಳೆಗಾಲದ ಶಿರಾಡಿ ಘಾಟಿಯ ಗುಣ ನಿಮಗೆ ಹೊಸದಲ್ಲ. ಒಂದು ದಿನ ನಿಂತು ಬರಲಿ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು, ಬೇಸಿಗೆ ಹತ್ತಿರವಾದಂತೆ ಬೆಂಗಳೂರಿನಲ್ಲಿ ಭೇಟಿಯ ದಿನ ಸಿಗುವುದು ಕಷ್ಟ. ಇಂದೇ ಹುಡುಕಿ, ಮೂವರಿಗೂ ಒಂದೇ ದಿನ ಸಿಗುವಂತೆ ನೋಡಿ. ಇಲ್ಲದಿದ್ದರೆ ಮೊಣಕಾಲು ಹಿಡಿದುಕೊಂಡು ಅಮ್ಮ ಒಂದು ಸಲ, ಅತ್ತೆ ಇನ್ನೊಂದು ಸಲ ಘಾಟಿ ಹತ್ತಬೇಕಾಗುತ್ತದೆ.